ಕೊನೆಯ ನಿಯಮ ಮೊದಲು

ಕರಡಿ ಕಂಡದ್ದೇ ತಡ, ಹುಷಾರಪ್ಪ ದೊಪ್ಪನೆ ಬೋರಲು ಬಿದ್ದ. ಮುಖ ಮಣ್ಣಿಗೆ, ಬೆರಳು ಹೆಣೆದ ಕೈಗಳು ಕತ್ತಿನ ಹಿಂದಕ್ಕೆ, ಬೆನ್ನ ಮೇಲೆ ಚೀಲ. ಭಂಗಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಸರದಿಯಲ್ಲಿ. ಬೋರಲು ಮಲಗುವುದು ಕರಡಿ ಮೈಮೇಲೆ ಎರಗಿದಾಗ ಮಾಡಬೇಕಾದ ಕಟ್ಟಕಡೆಯ ಉಪಾಯ ಎಂದು ಬೆಳಿಗ್ಗೆಯಿಂದ ಹೆಂಡತಿಗೆ ಪಾಠ ಹೇಳಿಕೊಂಡು ಬಂದವನು ಅವನೇ. ಕರಡಿ ಇನ್ನೂ ದೂರದ ಪೊದೆಯ ಪಕ್ಕದಲ್ಲಿ ಏನನ್ನೋ ಮೂಸುತ್ತ ನಿಂತಿತ್ತು. ಇತ್ತ ಕಾಲುದಾರಿಯಲ್ಲಿ ಹೆಂಡತಿ ಒಬ್ಬಳೇ ನಿಂತಿದ್ದಳು.

ಹುಷಾರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಣ್ಣದ ಕಾರ್ಖಾನೆಯೊಂದರಲ್ಲಿ ಅವನು ಸುರಕ್ಷತಾ ಅಧಿಕಾರಿ. ಮಾತೆತ್ತಿದರೆ 'ಹುಷಾರಪ್ಪಾ' ಅನ್ನುತ್ತಿದ್ದುದಕ್ಕೆ ಕೆಲಸಗಾರರು ದಯಪಾಲಿಸಿದ ಬಿರುದು ಅದು. ಮನೆಗೆ ಬಂದರೂ ಅವನ ಡ್ಯೂಟಿ ಮುಗಿಯುತ್ತಿರಲಿಲ್ಲ. ಸ್ವಿಚ್ ಬೋರ್ಡಿನ ಮೇಲೆ ಎಚ್ಚರಿಕೆಯ ಚೀಟಿ, ಗ್ಯಾಸ್ ಒಲೆಯ ಹಿಂದೆ ಚೀಟಿ, ಬಚ್ಚಲ ಬಾಗಿಲಿಗೆ ಒಳಗೊಂದು ಹೊರಗೊಂದು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತರೆ ಸಾಕು, ಸೂಜಿ ಚುಚ್ಚಿ ಬೆರಳು ಕಳೆದುಕೊಂಡವರ ಕಥೆ ಶುರು.

ಬೇರೆ ಊರಿನಲ್ಲಿರುವ ಅಕ್ಕನ ಹೊಲಿಗೆ ಅಂಗಡಿಗೆ ಸೇರಿಕೊಳ್ಳುತ್ತೇನೆ, ಇನ್ನು ಅಲ್ಲೇ ಇದ್ದುಬಿಡುತ್ತೇನೆ ಎಂದು ಅವಳು ಈಚೆಗೆ ಹೇಳತೊಡಗಿದ್ದಳು. ಎಲ್ಲೋ ತಲೆ ಬಿಸಿಯಾಗಿದೆ, ಬೆಟ್ಟದ ಗಾಳಿ ತಾಗಿದರೆ ತಣ್ಣಗಾಗುತ್ತಾಳೆ ಎಂದು ಹುಷಾರಪ್ಪ ಈ ಚಾರಣ ಹೂಡಿದ್ದ. ಏನೇ ಆಗಲಿ, ಇಳಿಯುವಷ್ಟರಲ್ಲಿ ಅವಳ ಮನಸ್ಸು ತಿರುಗಿಸಿ ಮನೆಗೆ ಕರೆದೊಯ್ಯಬೇಕು. ಅವಳಿಲ್ಲದ ಮನೆಯನ್ನು ನೆನೆದರೆ ಅವನಿಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಅಷ್ಟೊಂದು ಚೀಟಿಗಳನ್ನು ಓದುವವರಾದರೂ ಯಾರು?

ಮನಸ್ಸು ತಿರುಗಿಸಲು ಅವನು ಆರಿಸಿಕೊಂಡ ವಿಷಯ ಕರಡಿ.

"ಓಡಬಾರದು. ಓಡಿದ್ರೆ ಅಟ್ಟಿಸಿಕೊಂಡು ಬರುತ್ತೆ. ಮೆಲ್ಲಗೆ, ಮರ್ಯಾದೆಯಾಗಿ ಮಾತಾಡಬೇಕು. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರೀಬೇಕು. ತಿಂಡಿ ಮಾತ್ರ ತೋರಿಸಲೇಬಾರದು. ಗೊತ್ತಾಯ್ತಾ?"

"ಇಷ್ಟು ಮಾಡಿದ್ರೆ ಬಿಟ್ಟುಬಿಡುತ್ತಾ?" ಎಂದು ಅವಳು ಕೇಳಿದ್ದಳು.

"ಬಿಡಲೇಬೇಕು."

ಈಗ ಅವನ ಮೂಗಿನೊಳಗೆಲ್ಲ ಮಣ್ಣು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಎಲ್ಲೋ ಕಡ್ಡಿ ಲಟಕ್ಕೆಂದಿತು, ಪೊದೆ ಸರಸರ ಅಲ್ಲಾಡಿತು, ಆಮೇಲೆ ಸದ್ದಿಲ್ಲ. ಬಂತು, ಹತ್ತಿರವೇ ಬಂತು ಎಂದುಕೊಂಡ. ಕಂಡ ದೇವರಿಗೆಲ್ಲ ಕೈಮುಗಿಯೋಣವೆಂದರೆ ಕೈಗಳು ಕತ್ತಿನ ಹಿಂದೆ ಡ್ಯೂಟಿಯಲ್ಲಿದ್ದವು.

"ನೋಡಿ," ಹೆಂಡತಿಯ ದನಿ ಕೇಳಿಸಿತು. "ನನಗೆ ನಿಮ್ಮ ಹತ್ತಿರ ಜಗಳ ಬೇಡ."

ಭೇಷ್! ದನಿ ಒಂದಿಷ್ಟೂ ನಡುಗುತ್ತಿಲ್ಲ. ಅದೂ ಕರಡಿಗೆ ಬಹುವಚನ! ಮರ್ಯಾದೆಯಾಗಿ ಅಂದದ್ದನ್ನು ಇಷ್ಟರ ಮಟ್ಟಿಗೆ ಹಿಡಿದುಕೊಂಡಿದ್ದಾಳೆ ಪೆದ್ದಿ. ಇರಲಿ, ಹೆಚ್ಚಾದರೆ ನಷ್ಟವಿಲ್ಲ.

"ನೀವು ಕೆಟ್ಟೋರು ಅಂತ ನಾನು ಹೇಳಲ್ಲ. ಸ್ವಭಾವ, ಏನು ಮಾಡೋಕಾಗುತ್ತೆ? ಒಳಗೆ ಪುಕ್ಕಲು, ಅದಕ್ಕೇ ಹೊರಗೆ ಗುರ್ ಅನ್ನೋದು."

ನೂರಕ್ಕೆ ನೂರು ನಿಜ. ಕರಡಿ ಹೆದರಿದಾಗಲೇ ಮೈಮೇಲೆ ಬರುವುದು. ತಾನು ಹೇಳಿಕೊಟ್ಟದ್ದು ಗಾಳಿಗೆ ಹೋಗಿಲ್ಲ ಎಂದು ಹುಷಾರಪ್ಪನಿಗೆ ಮಣ್ಣಿನಲ್ಲಿಯೂ ಹೆಮ್ಮೆಯಾಯಿತು.

"ಈ ಜಾಗ ನಿಮ್ಮದೇ. ನನಗೆ ಇದರಲ್ಲಿ ಒಂದು ಮೂಲೇನೂ ಬೇಡ. ನಿಮಗೆ ಬೇಕಾದ ಹಾಗೆ ಇದ್ಕೊಳ್ಳಿ." ಇಷ್ಟು ಹೇಳಿ ಅವಳು ಮೂಗೆಳೆದುಕೊಂಡ ಸದ್ದಾಯಿತು.

ಅಳಬೇಡ ಕಣೇ, ಅತ್ತರೆ ಸದರ ಆಗಿಬಿಡುತ್ತೆ ಎಂದು ಅವನು ಒಳಗೊಳಗೇ ಕೂಗಿದ. ಬಾಯಿಬಿಟ್ಟು ಕೂಗಲು ನಿಯಮ ಒಪ್ಪುವುದಿಲ್ಲ. ಧೈರ್ಯವೂ ಅಷ್ಟೆ.

"ತಿಂಡಿ ಡಬ್ಬಿ ಇಲ್ಲೇ ಇಟ್ಟಿರ್ತೀನಿ. ಹಸಿವಾದಾಗ ತಿನ್ನಿ."

ಅವನ ಕಿವಿಯ ಪಕ್ಕದಲ್ಲೇ ಟಕ್ಕೆಂದು ಸದ್ದಾಯಿತು. ಹುಷಾರಪ್ಪ ಮುಖವನ್ನು ಮಣ್ಣಿಗೆ ಇನ್ನಷ್ಟು ಒತ್ತಿದ. ಯಾವುದು ಬೇಡ ಅಂದಿದ್ದನೋ ಅದನ್ನೇ ಮಾಡಿದಳು! ಅದೂ ಇಡಲು ಬೇರೆ ಜಾಗ ಸಿಗಲಿಲ್ಲವೇ, ಗಂಡನ ತಲೆಯ ಪಕ್ಕವೇ ಆಗಬೇಕಿತ್ತೇ?

"ನಾನು ಹೋಗ್ತೀನಿ. ಹಿಂದೆ ಬರಬೇಡಿ."

ಹೆಜ್ಜೆಗಳು ಅವಸರವಿಲ್ಲದೆ ದೂರವಾದವು. ಓಡಲಿಲ್ಲ, ಕಿರುಚಲಿಲ್ಲ. ಇಷ್ಟು ವರ್ಷ ಒಂದು ಮಾತೂ ಕೇಳದವಳು ಇವತ್ತು ಪಾಠ ಒಪ್ಪಿಸಿದ್ದಳು.

ಅವನು ಅಲ್ಲಾಡದೆ ಬಿದ್ದಿದ್ದ. ಇರುವೆಗಳು ಕಾಲರಿನೊಳಗೆ ಸಂಸಾರ ಹೂಡುವವರೆಗೂ ಬಿದ್ದಿದ್ದ. ಕೊನೆಗೆ ಒಂದು ಕಣ್ಣು ತೆರೆದ. ಕರಡಿಯಿಲ್ಲ. ಡಬ್ಬಿಯ ಮುಚ್ಚಳ ಹಾಗೇ ಇತ್ತು. ಇವಳ ಕೈರುಚಿ ಕರಡಿಗೂ ಹಿಡಿಸಲಿಲ್ಲ ಎಂದು ನಕ್ಕು, ಕೂತು, ಎಲ್ಲವನ್ನೂ ತಾನೇ ತಿಂದು ಮುಗಿಸಿ ಬೆಟ್ಟ ಇಳಿದ.

ಬುಡದ ನಿಲ್ದಾಣದಲ್ಲಿ ಬಸ್ಸೊಂದು ಹೊರಡಲು ಸಿದ್ಧವಾಗಿತ್ತು. ಕಿಟಕಿಯಲ್ಲಿ ಹೆಂಡತಿಯ ಮುಖ. ಅವಳಿಗೆ ಏನೂ ಆಗಿಲ್ಲ ಎಂದು ಕಂಡಾಗ ಅವನಿಗೆ ಹೋದ ಜೀವ ಬಂದಂತಾಯಿತು. ಹಾಗೆಂದು ಹೇಳಬಹುದಿತ್ತು. ಹೇಳಲು ಬಾಯಿ ತೆರೆದರೆ ಬಂದದ್ದು ಬೇರೆ.

"ಇವಳೇ! ನೂರಕ್ಕೆ ತೊಂಬತ್ತು ಕಣೇ! ಏನು ಧೈರ್ಯ, ಏನು ಮಾತು! ಡಬ್ಬಿ ಇಟ್ಟೆಯಲ್ಲ, ಅದಕ್ಕೆ ಹತ್ತು ಮಾರ್ಕ್ಸ್ ಕಟ್. ಸರಿ ಇಳಿ ಬೇಗ, ಇದು ನಮ್ಮೂರಿಗೆ ಹೋಗೋ ಬಸ್ಸಲ್ಲ."

"ಗೊತ್ತು."

ಬಸ್ಸು ಚಲಿಸಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ತಲೆ ಒಳಗೆ ತಗೋ! ಅಪಾಯ!" ಪಕ್ಕದಲ್ಲೇ ಓಡುತ್ತ ಹುಷಾರಪ್ಪ ಅರಚಿದ. "ಕರಡಿ ಹತ್ತಿರ ಅಷ್ಟು ಚೆನ್ನಾಗಿ ಮಾತಾಡಿದೋಳಿಗೆ ಇಷ್ಟೂ ಗೊತ್ತಾಗಲ್ವಾ?"

"ಕರಡಿ ನೀವು ದೊಪ್ಪಂತ ಬಿದ್ದ ಸದ್ದಿಗೇ ಓಡಿಹೋಯ್ತು ರೀ, ಆಮೇಲೆ ನಾನು ಮಾತಾಡಿದ್ದೆಲ್ಲ ನಿಮ್ಮ ಹತ್ತಿರ."