ಬಾಡಿಗೆ ಮನೆಯ ಹವಳ

ಗಾಜಿನ ತೊಟ್ಟಿಗೆ ಐವತ್ತು ಸಾವಿರ, ಹವಳಕ್ಕೆ ಆರು ಸಾವಿರ, ಅದರ ಊಟದ ಸಿಗಡಿಗೆ ವಾರಕ್ಕೆ ನೂರು ರೂಪಾಯಿ. ಈ ಜಾತಿಯ ಹವಳ ಬೆಳಕು ಕುಡಿದು ಬದುಕುವುದಿಲ್ಲ. ನೀರಿಗೆ ಮೀನು, ಸಿಗಡಿಯ ವಾಸನೆ ಬಿದ್ದರೆ ಮಾತ್ರ ಹೂವಿನಂತೆ ಬಾಯಿ ತೆರೆಯುತ್ತದೆ. ನನಗೆ ಮನೆ ಸಿಕ್ಕಿದ್ದೋ, ಮೀನು ಮಾಂಸ ಒಳಗೆ ತರಬಾರದೆಂಬ ಷರತ್ತಿನ ಮೇಲೆ.

ಭಾನುವಾರ ಮಧ್ಯಾಹ್ನ ಮನೆ ಮಾಲೀಕರು ಬಂದು ತೊಟ್ಟಿಯ ಮುಂದೆ ನಿಂತರು.

"ಮೀನಿನ ವಾಸನೆ ಅಂತ ಪಕ್ಕದವರ ದೂರು. ಇದಕ್ಕೇನು ಹಾಕ್ತೀಯಪ್ಪಾ?"

"ಏನಿಲ್ಲ ಸಾರ್. ಇದೂ ಒಂಥರಾ ಗಿಡ."

"ಸುಳ್ಳಾದ್ರೆ ಇವತ್ತೇ ಮನೆ ಖಾಲಿ ಮಾಡಿಸ್ತೀನಿ. ನಮ್ಮದು ಮೊಟ್ಟೇನೂ ಮುಟ್ಟದ ವಂಶ. ಗಿಡ ಅಂತೀಯ, ಹೀಗ್ಯಾಕೆ ಮುದುಡಿಕೊಂಡಿದೆ? ಜೀವ ಇದೆಯಾ?" ಎನ್ನುತ್ತಾ ಅವರು ಬಲಗೈಯ ಐದೂ ಬೆರಳು ನೀರಿಗೆ ಅದ್ದಿದರು.

ಹವಳ ನಿಧಾನವಾಗಿ ಅರಳಿತು. ಮೂವತ್ತು ಹಳದಿ ಬಾಯಿಗಳೂ ಆ ಬೆರಳುಗಳ ಕಡೆ ಚಾಚಿಕೊಂಡವು.

"ಸಾರ್, ಇದು ಮೀನಿನ ವಾಸನೆಗೆ ಮಾತ್ರ ಅರಳೋದು. ಇವತ್ತು ಊಟ ಎಲ್ಲಿ ಮಾಡಿದ್ರಿ?"

ಮಾಲೀಕರು ಕೈ ಹಿಂದಕ್ಕೆಳೆದುಕೊಂಡು ಬೆರಳು ಮೂಸಿ ನೋಡಿದರು.

"ನಮ್ಮನೇಲಿ ಹೇಳ್ಬೇಡಪ್ಪಾ."

ನನಗೆ ಮನೆ ಉಳಿಯಿತು, ಭಾನುವಾರದ ಮೀನೂಟಕ್ಕೆ ಒಬ್ಬರು ಜೊತೆಗಾರರೂ ಸಿಕ್ಕರು.