ಪೊರೆ ಒಣಗುವ ಮುನ್ನ

ಮಿದುಳಿನ ಕೋಶಗಳ ಪೊರೆಗೆ ಕಟ್ಟಿದ ಪ್ರೋಟೀನ್ ಕಿಟ್ಟವನ್ನು ತೊಳೆದ ಮೇಲೆ, ಪೊರೆ ಒಣಗಲು ಒಂದು ತಾಸು ಬೇಕು. ಅಷ್ಟರೊಳಗೆ ಕಿವಿಗೆ ಬಿದ್ದದ್ದಷ್ಟೇ ಮರೆವಿನ ರೋಗಿಯ ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ಹೇಳಿದ್ದು ಅಂಟುವುದಿಲ್ಲ. ವಾರ್ಡಿನ ತುಂಬ ಮಂದಿ ಗಂಟಲು ಹರಿದುಕೊಂಡು ಮಾತಾಡುತ್ತಿದ್ದರು. ನೀಲವ್ವನೂ ಗಂಡನ ಕಿವಿಗೆ ಬಾಯಿಟ್ಟು ತನ್ನ ಹೆಸರು, ಮನೆಯ ದಾರಿ, ಮಗಳ ಮದುವೆ, ಮಗ್ಗದ ಸದ್ದು, ತೀರಿಕೊಂಡ ಮಗನ ನಗು ಎಲ್ಲವನ್ನೂ ಹೇಳಿದಳು. ತಾಸು ಮುಗಿದ ಗಂಟೆ ಹೊಡೆಯಿತು.

"ನೀಲಾ, ಚಾ ಕುಡದಿ ಏನ?" ಎಂದು ಅವನು ಕಣ್ಣು ತೆರೆದ. ಅವಳಿಗೆ ಅಳು ಬಂತು.

"ನಿಮ್ಮ ಹೆಸರು ಹೇಳ್ರಿ, ಅಜ್ಜಾರ," ಎಂದಳು ನರ್ಸ್.

ಅವನು ಹೆಂಡತಿಯ ಮುಖ ನೋಡಿದ.

ಗಂಡನ ಹೆಸರು ಬಾಯಲ್ಲಿ ಬರಬಾರದೆಂದೇ ಬೆಳೆದ ನೀಲವ್ವ, ನಲವತ್ತು ವರ್ಷದಲ್ಲಿ ಮೊದಲ ಸಲ ಕೂಗಿದಳು: "ಫಕೀರಪ್ಪ. ನೀವು ಫಕೀರಪ್ಪ ರೀ."

"ಅಂವ ಯಾರ, ನೀಲಾ? ನಮ್ಮ ಪೈಕಿ ಏನ?"