ಕೋಟಿನ ಬೆನ್ನು

“ಅತ್ತೆ, ಬೆನ್ನಿನ ಬಟ್ಟೆ ಬಿಟ್ಟುಬಿಡಿ. ಮುಂಭಾಗ, ಎರಡು ತೋಳು, ಅಷ್ಟಾದ್ರೆ ಸಾಕು. ಮಲಗಿರೋರ ಬೆನ್ನನ್ನ ಯಾರು ನೋಡ್ತಾರೆ?”

ಐವತ್ತು ವರ್ಷ ಊರವರ ಬಟ್ಟೆ ಹೊಲಿದ ಮುದುಕಿ ಯಂತ್ರ ತುಳಿಯುತ್ತಲೇ ಇದ್ದಳು. ಪಕ್ಕದ ಕೋಣೆಯಲ್ಲಿ ಅವಳ ತಮ್ಮನ ಹೆಣ ಹಳೆಯ ಅಂಗಿಯಲ್ಲಿ ಮಲಗಿತ್ತು. ಅದನ್ನು ಒಯ್ಯುವ ಗಾಡಿ ನಾಲ್ಕಕ್ಕೆ ಬರುವುದಿತ್ತು. ಆಗಲೇ ನಾಲ್ಕಕ್ಕೆ ಹತ್ತು ನಿಮಿಷ. ಹೆಣಕ್ಕೆ ಹೊಸ ಕೋಟು ಬೇಕೇ ಬೇಕೆಂದು ಹಟ ಹಿಡಿದವನು ಸತ್ತವನ ಈ ಮಗನೇ. ದೊಡ್ಡ ಮನುಷ್ಯರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ತನ್ನ ಮರ್ಯಾದೆ ಏನಾಗಬೇಕು? ಎಂಟು ತಿಂಗಳ ಕಾಯಿಲೆಯಲ್ಲಿ ಒಂದು ಸಲವೂ ಇತ್ತ ತಲೆ ಹಾಕದವನಿಗೆ ಇವತ್ತು ಮರ್ಯಾದೆ ನೆನಪಾಗಿತ್ತು.

“ಫೋಟೋದಲ್ಲಿ ಬೆನ್ನು ಬರೋದಿಲ್ಲ ಅತ್ತೆ. ಸುಮ್ಮನೆ ಹೊತ್ತು ಕಳೀಬೇಡಿ,” ಎಂದು ಅವನು ಮತ್ತೆ ಗಡಿಯಾರ ನೋಡಿದ.

ಮುದುಕಿ ಯಂತ್ರ ನಿಲ್ಲಿಸಿದಳು. ಬೆನ್ನಿನ ತುಂಡನ್ನು ಮಡಿಲ ಮೇಲೆ ಹರಡಿ, ಸುಕ್ಕು ಹೋಗುವಂತೆ ಅಂಗೈಯಿಂದ ನಿಧಾನವಾಗಿ ಸವರಿದಳು. ಹಾಸಿಗೆ ಹಿಡಿದವನ ಬೆನ್ನಿನ ಹುಣ್ಣುಗಳನ್ನು ದಿನಕ್ಕೆರಡು ಸಲ ತೊಳೆದ ಕೈ ಅದು. ಆಮೇಲೆ ತಮ್ಮನ ಮಗನನ್ನು ಮಿರುಗುವ ಬೂಟಿನಿಂದ ತಲೆಯವರೆಗೆ ಒಮ್ಮೆ ನೋಡಿದಳು, ಒಂದೇ ಒಗೆತಕ್ಕೆ ಬಣ್ಣ ಬಿಡುವ ಬಟ್ಟೆಯನ್ನು ನೋಡುವ ಹಾಗೆ.

“ನಿಮ್ಮಪ್ಪ ಇವತ್ತು ದೇವರ ಮುಂದೆ ಎದ್ದು ನಿಲ್ಲಬೇಕು ಕಣೋ. ಅವನ ಕೋಟಿಗೆ ಬೆನ್ನು ಬೇಕು. ನಿನ್ನದನ್ನ ಹೊಲಿಯೋರಿಗೆ ಬೇಕಾದ್ರೆ ಈಗಲೇ ಹೇಳಿಡು, ಮುಂಭಾಗ ಸಾಕು ಅಂತ.”

ಹೊರಗೆ ಗಾಡಿಯ ಹಾರನ್ ಕೇಳಿಸಿತು. ಅವನು ಕಿಟಕಿಯ ಹತ್ತಿರ ಹೋಗಿ, ಕಾಯುವಂತೆ ಕೈ ತೋರಿಸಿದ.